ಕುಂಚಿಗೆ ತೊಟ್ಟ ಕಲ್ಲು

ಪುಣೆಯ ವಿಮಾನ ನಗರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಸಂಜೆ ಮಕ್ಕಳು ಆಡುವ ಹೊತ್ತಿನಲ್ಲಿ ಯಾರಾದರೂ ತಾಯಿ ಬಾಲ್ಕನಿಯಿಂದ ‘ರಿಯಾ’ ಎಂದು ಕೂಗಿದರೆ ಮೂರು ನಾಲ್ಕು ಹುಡುಗಿಯರು ಒಟ್ಟಿಗೆ ತಲೆ ಎತ್ತುತ್ತಾರೆ. ಅವರ ಜೊತೆಗೆ ನಾನೂ ಎತ್ತುತ್ತೇನೆ. ಅರವತ್ತು ದಾಟಿದ ಹೆಂಗಸಿಗೆ ಆ ಹೆಸರಿನಿಂದ ಏನಾಗಬೇಕಾಗಿದೆ ಎಂದು ನೀವು ಕೇಳಬಹುದು. ಮೊನ್ನೆ ನನ್ನ ಬೆಂಗಳೂರು ಕಡೆಯ ಸೊಸೆ ಬಾಣಂತಿ ಕೋಣೆಯಿಂದ, “ಅತ್ತೆ, ಪಾಪುಗೆ ರಿಯಾ ಅಂತ ಫಿಕ್ಸ್ ಮಾಡಿದೀವಿ. ಗ್ರೀಕ್ ದೇವತೆ ಹೆಸರಂತೆ, ಕ್ಯೂಟ್ ಆಗಿದೆ ಅಲ್ವಾ?” ಎಂದಳು. ನಾನು ಹೂಂ ಎಂದೆ. ಕೈಯಲ್ಲಿದ್ದ ಅಂಟಿನುಂಡೆಯ ಡಬ್ಬಿಯನ್ನು ಆ ಗಳಿಗೆಯಲ್ಲಿ ಎಲ್ಲಿಟ್ಟೆನೋ, ಇನ್ನೂ ಸಿಕ್ಕಿಲ್ಲ.

ಆ ಹೆಸರು ಈ ಊರಿಗೆ ಹೇಗೆ ಬಂತೆಂದು ತಿಳಿದವರು ಹೇಳಲಿ. ನಮ್ಮ ಮನೆಗೆ ಅದು ಎಪ್ಪತ್ತರ ದಶಕದ ಕೊನೆಯಲ್ಲಿ, ಮರದ ಮೆಟ್ಟಿಲಿಳಿದು ಬಂತು. ಆಗ ನಾನು ಪೇಟೆಯ ಒಂದು ಹಳೆಯ ವಾಡೆಯಲ್ಲಿ, ಹಲವು ಬಾಡಿಗೆ ಸಂಸಾರಗಳ ಆ ದೊಡ್ಡ ಮನೆಯಲ್ಲಿ, ಅಕ್ಕನ ಮನೆಯಲ್ಲಿದ್ದೆ. ಬಾಗಲಕೋಟೆ ಕಡೆಯ ನಮ್ಮ ಭಾವ ಒಂದು ಕಿರಾಣಿ ಅಂಗಡಿಯಲ್ಲಿ ಗುಮಾಸ್ತರು. ನಾನು ಕಾಲೇಜು ಕಲಿಯಲೆಂದು ಬಂದವಳು. ಕಲಿತದ್ದಕ್ಕಿಂತ ಅಕ್ಕನ ಕೈಯ ರೊಟ್ಟಿ ತಿಂದದ್ದೇ ಹೆಚ್ಚು. ಮೇಲಿನ ಕೋಣೆಯಲ್ಲಿ ಗೋವೆಯ ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬಳು ಬಾಡಿಗೆಗಿದ್ದಳು. ಇಂಗ್ಲಿಷ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ವಾಡೆಯವರೆಲ್ಲ ಅವಳನ್ನು ಟೀಚರ್‌ಬಾಯಿ ಎನ್ನುತ್ತಿದ್ದರು.

ಅಕ್ಕ ಆಗ ಮೂರನೆಯ ಬಾರಿ ಬಸುರಿ. ಮೊದಲನೆಯದು ಬೋರಲು ಬೀಳುವುದನ್ನು ಕಲಿಯುತ್ತಲೇ ಹೋಯಿತು, ಎರಡನೆಯದು ಹೆಸರಿಡುವ ತನಕವೂ ಇರಲಿಲ್ಲ. ಹೀಗೆ ಮಕ್ಕಳು ದಕ್ಕದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯಲ್ಲಿ ಉರುಳಿಸಿ, ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುವುದು ನಮ್ಮ ಕಡೆಯ ಪದ್ಧತಿ. ಯಾರಿಗೂ ಬೇಡವಾದ ಹೆಸರಿದ್ದರೆ ಸಾವಿಗೂ ಬೇಡವಾಗಲಿ ಎಂದು. ಅಕ್ಕನ ಅತ್ತೆ ಮೊದಲೇ ಹೇಳಿಬಿಟ್ಟಿದ್ದರು, “ಗಂಡಾದ್ರ ತಿಪ್ಪಣ್ಣ, ಹೆಣ್ಣಾದ್ರ ತಿಪ್ಪವ್ವ. ಬ್ಯಾರೆ ಮಾತಿಲ್ಲ.”

“ಪುಣೇದಾಗ ತಿಪ್ಪಿ ಎಲ್ಲಿಂದ ತರೂದ ಬೇ?” ಎಂದು ಭಾವ ಕೇಳಿದರು. “ಮುನ್ಸಿಪಾಲ್ಟಿ ಕಸದ ಡಬ್ಬ್ಯಾಗ ಉಳ್ಳಾಡಸೂಣೇನು?”

ಅತ್ತೆಯವರಿಗೆ ನಗು ಬರಲಿಲ್ಲ. ಅಕ್ಕನಿಗೂ ಬರಲಿಲ್ಲ. ಆ ದಿನಗಳಲ್ಲಿ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಓಡಾಡುತ್ತಿದ್ದಳು.

ಮಧ್ಯಾಹ್ನ ಶಾಲೆ ಮುಗಿಸಿ ಬಂದ ಟೀಚರ್‌ಬಾಯಿ ಮೆಟ್ಟಿಲ ಮೇಲೆ ಕೂತು ಅಕ್ಕನೊಡನೆ ಮರಾಠಿಯಲ್ಲಿ ಮಾತಾಡುವಳು. ಒಂದು ದಿನ ಅಕ್ಕನ ಮನಸ್ಸು ಹಗುರಾಗಲೆಂದು ಅವಳು ಗ್ರೀಕರ ಕಥೆ ಹೇಳಿದಳು. ಒಬ್ಬ ದೇವರು ಹುಟ್ಟಿದ ಮಕ್ಕಳನ್ನೆಲ್ಲ ತಾನೇ ನುಂಗುತ್ತಿದ್ದನಂತೆ. ತಾಯಿ ರಿಯಾ ಕೊನೆಗೆ ಒಂದು ಕಲ್ಲಿಗೆ ಕೂಸಿನ ಬಟ್ಟೆ ಸುತ್ತಿ ಅವನ ಕೈಗಿತ್ತಳು. ಅವನು ಅದನ್ನೇ ನುಂಗಿದ, ಕೂಸು ಉಳಿಯಿತು. ಬಸುರಿಗೆ ಹೇಳುವ ಕಥೆಯೇ ಇದು ಎಂದು ನನಗೆ ಸಿಟ್ಟು ಬಂತು. ಆದರೆ ಅವರೆ ಸುಲಿಯುತ್ತಿದ್ದ ಅಕ್ಕನ ಕೈ ನಿಂತಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನಮ್ಮ ಗುಂಡಪ್ಪನ್ನ ಆ ದೇಶದಾಕಿಗೆ ಯಾರು ಹೇಳಿಕೊಟ್ರು?” ಎಂದಳು.

ಗುಂಡಪ್ಪ ಎಂದರೆ ಒಳಕಲ್ಲಿನಲ್ಲಿ ಚಟ್ನಿ ಅರೆಯುವ ಗುಂಡುಕಲ್ಲು. ನೀವು ನೋಡಿರಬಹುದು, ತೊಟ್ಟಿಲ ಕಾರ್ಯದ ದಿನ ಕೂಸಿಗಿಂತ ಮೊದಲು ಅದನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕೂಸಿನ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಏನಾದರೂ ಕಣ್ಣು ಬೀಳುವುದಿದ್ದರೆ ಕಲ್ಲಿಗೆ ಬೀಳಲಿ ಎಂದು. ಆಮೇಲೆ ಅದನ್ನು ಎತ್ತಿ ಕೂಸನ್ನು ಹಾಕುತ್ತಾರೆ. ಮರುದಿನ ಅದು ಮತ್ತೆ ಚಟ್ನಿಗೆ.

ಹೆಣ್ಣು ಹುಟ್ಟಿತು. ಅಕ್ಕ ತನ್ನ ನಾದಿನಿಯ ಕೈಕಾಲು ಹಿಡಿದು ಒಪ್ಪಿಸಿದ್ದಳು. ಹೆಸರಿಡುವ ಸೋದರತ್ತೆ ಅವಳೇ. ತೊಟ್ಟಿಲ ಕಾರ್ಯದ ದಿನ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ‘ರಿಯಾ’ ಎಂದುಬಿಟ್ಟಳು. ಅತ್ತೆಯವರು, “ಅದೆಂಥಾ ಹೆಸರ? ಕರದ್ರ ನಾಲಿಗಿಗೆ ಏನೂ ಹತ್ತಂಗಿಲ್ಲ” ಎಂದು ಮುಖ ತಿರುವಿ ತಮ್ಮ ಪಾಡಿಗೆ ತಿಪ್ಪವ್ವ ಎಂದೇ ಕರೆದರು. ಕಲ್ಲನ್ನು ಎತ್ತುವ ಹೊತ್ತು ಬಂದಾಗ ಅಕ್ಕ ತೊಟ್ಟಿಲ ಮೇಲೆ ಕೈ ಅಡ್ಡ ಹಿಡಿದಳು. “ಅದು ಅಲ್ಲೇ ಇರ್ಲಿ. ಕೂಸು ನನ್ನ ತೊಡಿಮ್ಯಾಲಿರ್ತದ.”

ಹಾಗೆಯೇ ಆಯಿತು. ತೊಟ್ಟಿಲಲ್ಲಿ ಕಲ್ಲು, ಒಳಕೋಣೆಯಲ್ಲಿ ಅಕ್ಕ ಮತ್ತು ಕೂಸು. ಒಂದೇ ಬಟ್ಟೆಯಲ್ಲಿ ಎರಡು ಕುಂಚಿಗೆ ಹೊಲಿದಿದ್ದಳು, ಕಲ್ಲಿಗೊಂದು, ಕೂಸಿಗೊಂದು. ನೋಡಲು ಬಂದವರಿಗೆ ತೊಟ್ಟಿಲು ತೋರಿಸಿ, “ಈಗರ ಮಲಗ್ಯಾಳ್ರಿ” ಎನ್ನುವಳು. ನಮ್ಮ ಗುಂಡು ತೊಟ್ಟಿಲಲ್ಲಿದ್ದುದರಿಂದ, ನಾನು ಚಟ್ನಿ ತಿನ್ನುವ ಆಸೆಗೆ ಬೇರೆಯವರ ಮನೆಯ ಗುಂಡು ತಂದು ಅರೆದು, ತಿರುಗಿ ಕೊಡಲು ಹೋದಾಗ ಬೈಸಿಕೊಂಡದ್ದೂ ಉಂಟು. ಅಂಥ ನಗುವ ದಿನಗಳೂ ಆ ಮನೆಯಲ್ಲಿ ಇದ್ದವು. ಕೂಸಿಗೆ ಎರಡು ದೇಶದ ಕಾವಲಿದೆ ಎಂದು ನಾನು ಪೂರ್ತಿ ನಂಬಿದ್ದೆ.

ಹಲ್ಲು ಮೂಡುವ ಹೊತ್ತಿಗೆ ಜ್ವರ ಬಂತು. ಔಷಧ, ಆಸ್ಪತ್ರೆ, ಹರಕೆ ಎಲ್ಲ ಆಯಿತು. ಕೂಸು ತನ್ನ ಕುಂಚಿಗೆಯ ಸಮೇತ ಮಣ್ಣಿಗೆ ಹೋಯಿತು. ಕಥೆಯಲ್ಲಿ ಕಲ್ಲು ಹೋಗಿ ಕೂಸು ಉಳಿದಿತ್ತು. ನಮ್ಮಲ್ಲಿ ಕೂಸು ಹೋಗಿ ಕಲ್ಲು ಉಳಿಯಿತು. ಅತ್ತೆಯವರು ಅತ್ತು ಅತ್ತು ಕೊನೆಗೆ, “ತಿಪ್ಪವ್ವ ಅಂತ ಇಟ್ಟಿದ್ರ ಉಳೀತಿತ್ತು” ಎಂದರು. ಅವರು ಕೆಟ್ಟವರಲ್ಲ, ದುಃಖಕ್ಕೆ ಒಂದು ಕಾರಣ ಬೇಕಾಗಿತ್ತು. ಆ ಮಾತನ್ನು ಅಕ್ಕ ಒಳಗೆ ಇಟ್ಟುಕೊಂಡಳು. ಹೆಸರಿಟ್ಟು ಕೊಂದವಳು ತಾನೇ ಎಂದು ನಂಬಿ ಬದುಕಿದಳು. ಟೀಚರ್‌ಬಾಯಿ ಬಾಗಿಲ ತನಕ ಬಂದು, ಒಳಗೆ ಬರಲಾರದೆ ತಿರುಗಿ ಹೋದಳು. ಕೆಲವು ದಿನಗಳಲ್ಲಿ ಕೋಣೆಯನ್ನೂ ಬಿಟ್ಟಳು.

ಎಂಬತ್ತರ ದಶಕದ ನಡುವೆ ಒಮ್ಮೆ ಅಕ್ಕ ಮತ್ತು ನಾನು ಊರಿನ ಕ್ಯಾಂಪ್ ಬಜಾರಿಗೆ ಬಟ್ಟೆ ಕೊಳ್ಳಲು ಹೋಗಿದ್ದೆವು. ಬೇಕರಿಯ ಮುಂದೆ ಒಬ್ಬಳು, “ರಿಯಾ, ಇಕಡೇ ಯೇ” ಎಂದು ಇತ್ತ ಬರಲು ಕೂಗಿದಳು. ಗುಂಡು ಗುಂಡಾದ ಹುಡುಗಿಯೊಂದು ಬಿಸ್ಕೀಟು ತಿನ್ನುತ್ತ ಓಡಿ ಹೋಯಿತು. ನಮ್ಮ ಮನೆಯ ಆಚೆ ಆ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು. ಅಕ್ಕ ಹತ್ತಿರ ಹೋಗಿ ಮರಾಠಿಯಲ್ಲಿ ಹುಡುಗಿಯ ವಯಸ್ಸು ಕೇಳಿದಳು, ಕೆನ್ನೆ ಮುಟ್ಟಿದಳು. ಅವಳ ಎದೆಯ ಭಾರ ಇಳಿಯಿತೆಂದೇ ನಾನು ತಿಳಿದೆ.

“ಆಕಿ ಉಳದಾಳ ನೋಡ. ಅಂದಮ್ಯಾಲ ಹೆಸರಿಂದ ಏನೂ ತಪ್ಪಿಲ್ಲ,” ಎಂದಳು ಅಕ್ಕ, ಬಸ್ ಸ್ಟಾಪಿಗೆ ಬಂದ ಮೇಲೆ.

“ಮತ್ತ, ನಾ ಅದನ್ನ ಹೇಳಕೋತ ಬಂದೀನಲ್ಲಕ್ಕಾ.”

“ಹಂಗಾರ ನನ್ನ ಕೂಸು ಯಾಕ ಹೋತು?”

ತಪ್ಪಾದರೂ ಒಂದಿದ್ದಾಗ ಅವಳಿಗೆ ಹಿಡಿದುಕೊಳ್ಳಲು ಏನೋ ಇತ್ತು, ಈಗ ಅದೂ ಹೋಯಿತು. ವರ್ಷ ಹೋದಂತೆ ಊರಿನಲ್ಲಿ ರಿಯಾಗಳು ಹೆಚ್ಚಿದರು. ಶಾಲೆಗೆ ಹೋದರು, ಮದುವೆಯಾದರು. ಒಬ್ಬೊಬ್ಬಳು ಬದುಕಿದಾಗಲೂ ಅಕ್ಕ ಇನ್ನಷ್ಟು ಬರಿದಾದಳು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ತೊಟ್ಟಿಲ ಕಾರ್ಯಗಳಿಗೆ ಯಾರೂ ಅವಳನ್ನು ಕರೆಯುತ್ತಲೂ ಇರಲಿಲ್ಲ.

ಸೊಸೆ ಹೆಸರು ಹೇಳಿದ ಮೇಲೆ ನಾನು ಕುಂಕುಮದ ಬಟ್ಟಲು ಹಿಡಿದು, ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಅವಳನ್ನು ಕರೆಯಲು ಕೊಂಢವಾದ ಅವಳ ಮನೆಗೆ ಹೋದೆ. ಹೆಸರು ಹೇಳಿದೆ. ಭಾವ ಎದ್ದು ನೀರು ತುಂಬುವ ನೆವದಲ್ಲಿ ಒಳಗೆ ನಡೆದರು. ಅಕ್ಕ ಕಪಾಟಿನಿಂದ ತೊಟ್ಟಿಲಿನ ಆ ಕಲ್ಲನ್ನು ತೆಗೆದಳು. ಹಳದಿಗಟ್ಟಿದ ಕುಂಚಿಗೆಯ ಕಸೆ ಬಿಚ್ಚಿ, ಅದನ್ನು ಮಡಚಿ ತನ್ನ ದಿಂಬಿನ ಕೆಳಗಿಟ್ಟು, ಬರಿಗಲ್ಲನ್ನು ನನ್ನ ಮಡಿಲಿಗಿಟ್ಟಳು.

“ನಾ ಬರಂಗಿಲ್ಲ ತಂಗಿ. ಇದನ್ನ ಒಯ್ಯಿ. ತಿರುಗಿ ತರಬ್ಯಾಡ, ಆ ಕೂಸಿನ ಹಂತೇಕ ಇರ್ಲಿ.”

ಕಾರ್ಯ ಚೆನ್ನಾಗಿಯೇ ಆಯಿತು. ಸೊಸೆ ಕಲ್ಲಿಗೆ ಜರಿಯ ಕುಂಚಿಗೆ ತರಿಸಿದ್ದಳು, ಎಲ್ಲರೂ ಫೋಟೊ ತೆಗೆದರು. ನಾನೂ ಮೊಮ್ಮಗಳನ್ನು ಹೆಸರು ಹಿಡಿದು ಕರೆದೆ, ದನಿ ಹೊರಟಿತು. ಈಗ ಕೆಳಗೆ ಮತ್ತೆ ಯಾರೋ ಆ ಹೆಸರನ್ನು ಕೂಗುತ್ತಿದ್ದಾರೆ, ಹುಡುಗಿಯರು ಓಡುತ್ತಿದ್ದಾರೆ. ಊರ ತುಂಬ ರಿಯಾಗಳಿದ್ದಾರೆ. ಅಕ್ಕನ ಮನೆಯಲ್ಲಿ ಈಗ ಕಲ್ಲೂ ಇಲ್ಲ.