ಎಡಗಣ್ಣಿನ ರಜೆ

ವಾಚು ರಿಪೇರಿಯವನನ್ನು ಬೀದಿಯವರೆಲ್ಲ ಕರೆಯುವುದು ವಾಚಪ್ಪ ಎಂದೇ. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ಸಾಸಿವೆಗಿಂತ ಸಣ್ಣ ತಿರುಪುಗಳ ಜೊತೆ ಮೂವತ್ತೆಂಟು ವರ್ಷ ಜಗಳವಾಡಿದ ಆಸಾಮಿ. ಎಷ್ಟೋ ಸಲ ಎಡಗಣ್ಣು ತೆರೆಯಲು ಮರೆತು ಹಾಗೇ ಮನೆಗೆ ಬಂದದ್ದೂ ಉಂಟು. “ರೀ, ಅಂಗಡಿ ಮುಚ್ಚಾಯ್ತು, ಇನ್ನು ಕಣ್ಣು ಬಿಡಿ” ಎಂದೇ ಹೆಂಡತಿ ಬಾಗಿಲು ತೆಗೆಯುತ್ತಿದ್ದಳು.

ಇಂಥವನಿಗೆ ಗ್ಲಾಕೋಮಾ ಬಂತು. ಎರಡೂ ಕಣ್ಣೊಳಗೆ ಒತ್ತಡ ಏರಿದೆ, ನೋವೇ ಇಲ್ಲದೆ ನರ ಹಾಳಾಗುತ್ತದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ವಾಚಪ್ಪ ಲೆಕ್ಕ ಹಾಕಿದ. ಕಣ್ಣು ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಈ ಮನುಷ್ಯನಲ್ಲಿ ಉಳಿಯುವುದೇನು, ಬರೀ ಮೀಸೆ! ಡಾಕ್ಟರಮ್ಮ ಪ್ರೊಸ್ಟಗ್ಲಾಂಡಿನ್ ಎಂಬ, ನಾಲಿಗೆ ತೊಡರುವ ಹೆಸರಿನ ಜಾತಿಯ ಹನಿ ಬರೆದುಕೊಟ್ಟರು. “ದಿನಾ ಸಂಜೆ ಕಣ್ಣಿಗೆ ಒಂದೇ ಹನಿ. ಜಾಸ್ತಿ ಬೇಡ.”

ಒಂದೇ ಹನಿ! ಹೇಳಿದ ಮಾತನ್ನು ಕೂದಲೆಳೆಯಷ್ಟೂ ಮೀರದವನು ನಮ್ಮ ವಾಚಪ್ಪ. ಹನಿ ಒಂದು, ಕಣ್ಣೆರಡು, ಕೊಡುವುದು ಯಾರಿಗೆ? ದುಡಿಯುವವನಿಗೆ ತಾನೆ! ಎಡಗಣ್ಣು ಹೇಗೂ ರಜೆಯ ಮೇಲಿದೆ. ದಿನಾ ಅಂಗಡಿ ಮುಚ್ಚುವ ಮುನ್ನ, ವಾಚಿಗೆ ಎಣ್ಣೆ ಬಿಟ್ಟು ಪಳಗಿದ ಕೈ ಬಲಗಣ್ಣಿಗೆ ಹನಿ ಬಿಟ್ಟಿತು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಭೂತಗನ್ನಡಿಯಲ್ಲಿ ಕಪ್ಪು ಗೆರೆಗಳು ಕಂಡವು. ಒರೆಸಿದ, ಊದಿದ, ಜಪ್ಪಯ್ಯ ಅಂದರೂ ಹೋಗಲಿಲ್ಲ. ಮುಗಿಯಿತು ನನ್ನ ಕಥೆ ಎಂದು ಬೆವೆತು ಮನೆಗೆ ಓಡಿದ.

ಹೆಂಡತಿ ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ನಗು ತಡೆಯಲಾಗಲಿಲ್ಲ. “ಅಯ್ಯೋ, ಇದು ರೆಪ್ಪೆಗೂದಲು ಕಣ್ರೀ! ಸಿನಿಮಾ ನಟಿ ಹಾಗೆ ಬೆಳೆದು ಗಾಜಿಗೆ ತಾಗ್ತಿದೆ!” ಆಮೇಲೆ ಎಡಗಣ್ಣು ನೋಡಿದಳು. ನಗು ನಿಂತಿತು. “ಇಲ್ಲಿ ಮಾತ್ರ ಯಾಕ್ರೀ ಅದೇ ನಾಲ್ಕು ಕೂದಲು? ಈ ಕಣ್ಣಿಗೆ ಔಷಧಿ ಹಾಕ್ತಿಲ್ವಾ?”

“ಒಂದೇ ಹನಿ ಅಂದಿದ್ರಲ್ಲೇ...”

“ನಿಮ್ಮ ಬುದ್ಧಿಗಿಷ್ಟು! ನಡೀರಿ ಆಸ್ಪತ್ರೆಗೆ.”

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ರೆಪ್ಪೆ ಬೆಳೆಸುವುದು ಈ ಔಷಧಿಯ ಚಾಳಿಯಂತೆ. ರೆಪ್ಪೆ ತೆಳುವಾದವರಿಗೆ ಇದೇ ಜಾತಿಯ ಹನಿ ಕೊಡುವುದೂ ಉಂಟಂತೆ. ಬಲಗಣ್ಣಿನ ಒತ್ತಡ ಇಳಿದಿತ್ತು, ಎಡಗಣ್ಣಿನದು ಇದ್ದಲ್ಲೇ ಇತ್ತು. “ಪುಣ್ಯಕ್ಕೆ ನರಕ್ಕೆ ಹೊಸ ಪೆಟ್ಟೇನೂ ಬಿದ್ದಿಲ್ಲ. ಇನ್ಮೇಲೆ ಆ ಕಣ್ಣಿಗೊಂದು, ಈ ಕಣ್ಣಿಗೊಂದು. ತಿಳೀತಾ?”

ಅಂದಿನಿಂದ ವಾರಕ್ಕೊಮ್ಮೆ ಮನೆಯಲ್ಲೇ ತಪಾಸಣೆ. ಹೆಂಡತಿ ಭೂತಗನ್ನಡಿಯನ್ನು ತನ್ನ ಕಣ್ಣಿಗೆ ಸಿಕ್ಕಿಸಿ, ಇನ್ನೊಂದು ಕಣ್ಣು ಮುಚ್ಚಿ, ಎಡ ರೆಪ್ಪೆಯ ಕೂದಲು ಎಣಿಸುತ್ತಾಳೆ. ಮೊನ್ನೆ ಅವಳು ಕುಣಿಯುವುದೊಂದು ಬಾಕಿ. “ಬಂತು ಕಣ್ರೀ! ಎರಡೂ ಕಡೆ ಸಮ!” ಔಷಧಿ ತಪ್ಪದೆ ಬಿದ್ದಿದೆ ಎನ್ನುವುದಕ್ಕೆ ಅವಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಒತ್ತಡವೂ ಇಳಿದಿದೆಯೆಂದು ಡಾಕ್ಟರಮ್ಮ ಆಗಲೇ ಅಳೆದು ಹೇಳಿದ್ದರು.

ಅವಳ ಮುಖವನ್ನು ಇಷ್ಟು ಹತ್ತಿರದಿಂದ, ಎರಡೂ ಕಣ್ಣು ತೆರೆದು ನೋಡಿ ಎಷ್ಟು ಕಾಲವಾಯಿತೋ! ವಾಚಪ್ಪ ಖುಷಿಯಿಂದ ನೋಡುತ್ತಲೇ ಕೂತ. ಅವಳು ಗಾಜು ತೆಗೆದಿಟ್ಟು ಅಡುಗೆಮನೆಗೆ ಹೊರಟಳು, ಒಂದು ಕಣ್ಣು ಇನ್ನೂ ಮುಚ್ಚಿಯೇ ಇತ್ತು.

“ಲೇ,” ಎಂದ ವಾಚಪ್ಪ, “ಅಂಗಡಿ ಮುಚ್ಚಾಯ್ತು, ಇನ್ನು ಕಣ್ಣು ಬಿಡು.”