ಅಪ್ಪಂದಿರಿಗೂ ರ್‍ಯಾಂಕ್

ನಾನು ಚಿಕ್ಕವನಿದ್ದಾಗ, ಹೈದರಾಬಾದಿನ ನಮ್ಮ ಕಾಲೇಜಿನಲ್ಲಿ ಮಕ್ಕಳಿಗೆ ಮಾತ್ರವಲ್ಲ, ಅವರ ಅಪ್ಪಂದಿರಿಗೂ ರ್‍ಯಾಂಕ್ ಇರುತ್ತಿತ್ತು. ನಗಬೇಡಿ, ನಿಜ. ಚಿಕ್ಕವನು ಎಂದರೆ ಚಡ್ಡಿ ಹಾಕುವ ಚಿಕ್ಕವನಲ್ಲ. ಮೀಸೆ ಚಿಗುರುತ್ತಿತ್ತು, ಇಂಟರ್ ಎರಡನೇ ವರ್ಷದಲ್ಲಿದ್ದೆ. ನೀವು ಹನ್ನೆರಡನೇ ತರಗತಿ ಎನ್ನುತ್ತೀರಲ್ಲ, ಅದಕ್ಕೆ ಅಲ್ಲಿ ಇಂಟರ್ ಎನ್ನುತ್ತಿದ್ದರು. ಅದು ಮುಗಿದ ಕೂಡಲೇ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ. ಊರಿಗೆ ಊರೇ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡಿದ್ದ ಕಾಲ ಅದು. ಗೋಡೆ, ಕಂಬ, ಬಸ್ಸಿನ ಬೆನ್ನು, ಎಲ್ಲಿ ನೋಡಿದರೂ ಕಂಪ್ಯೂಟರ್ ಕೋರ್ಸಿನ ಪೋಸ್ಟರುಗಳು. ಓದಿದವನು ವಿಮಾನ ಹತ್ತುತ್ತಾನೆ, ಓದದವನು ಬೀದಿಗೆ ಬೀಳುತ್ತಾನೆ ಎಂದು ಹಾಲು ಮಾರುವವನೂ ಬುದ್ಧಿ ಹೇಳುತ್ತಿದ್ದ.

ನಮ್ಮ ಅಪ್ಪ ಬೀದರಿನ ಕಡೆಯ ಹಳ್ಳಿಯಿಂದ ಬಂದು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಸಂಜೆ ಅವರು ಒಳಗೆ ಬಂದರೆ ಮಷೀನ್ ಎಣ್ಣೆಯ ವಾಸನೆ ಅವರಿಗಿಂತ ಮುಂಚೆ ಬರುತ್ತಿತ್ತು. ಚಪ್ಪಲಿಯ ಅಡಿಗೆ ಸಿಕ್ಕ ಕಬ್ಬಿಣದ ಚೂರುಗಳನ್ನು ಹೊಸ್ತಿಲಲ್ಲಿ ಕೂತು ಮೊಳೆಯಿಂದ ಕೀಳುತ್ತಿದ್ದರು. ಹೊಸ್ತಿಲೊಳಗೆ ನಮ್ಮದು ಕನ್ನಡ, ದಾಟಿದರೆ ಹಿಂದಿ ಇಲ್ಲವೇ ತೆಲುಗು. ಅಪ್ಪ ಮೆತ್ತನೆಯ ಮನುಷ್ಯ, ಅವರ ಕೈ ಒಮ್ಮೆಯೂ ನಮ್ಮ ಮೇಲೆ ಎದ್ದಿರಲಿಲ್ಲ. ಬೆಂಕಿಯಾಗಿದ್ದವಳು ಅಕ್ಕ. ಇಂಟರ್ ಮುಗಿಸಿ ಒಂದು ಆಫೀಸಿನಲ್ಲಿ ಟೈಪ್ ಮಾಡುವ ಕೆಲಸಕ್ಕೆ ಸೇರಿದ್ದಳು. ಬಸ್ಸಿನ ಕಂಡಕ್ಟರಿನಿಂದ ಹಿಡಿದು ಆಫೀಸಿನ ಮ್ಯಾನೇಜರಿನವರೆಗೆ ಅವಳ ಜೊತೆ ಜಗಳವಾಡದವರು ಇರಲಿಲ್ಲ.

ನಮ್ಮ ಕಾಲೇಜು ಹಿಮಾಯತ್‌ನಗರದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಗಳಲ್ಲಿತ್ತು. ಮಕ್ಕಳು ರಸ್ತೆ ನೋಡಿ ಕೆಡಬಾರದೆಂದು ಕಿಟಕಿಗಳಿಗೆ ಪ್ಲೈವುಡ್ ಹೊಡೆದಿದ್ದರು. ಒಳಗೆ ಹಗಲೂ ಟ್ಯೂಬ್‌ಲೈಟು, ಚಾಕ್ ಪುಡಿ, ಬೆವರು. ಕೆಳಗಿನ ಬೇಕರಿಯಿಂದ ಬಿಸಿ ಬಿಸ್ಕತ್ತಿನ ವಾಸನೆ ಮೆಟ್ಟಿಲೇರಿ ಬಂದು ನಮ್ಮ ಹೊಟ್ಟೆ ಉರಿಸುತ್ತಿತ್ತು. ಅಲ್ಲಿ ಸ್ನೇಹ ಎಂಬುದೇ ಇರಲಿಲ್ಲ. ಪಕ್ಕದವನು ಬರೆಯುವಾಗ ಕೈ ಅಡ್ಡ ಇಡುತ್ತಿದ್ದ, ಯಾರಿಗಾದರೂ ಜ್ವರ ಬಂದರೆ ಉಳಿದವರು ಒಳಗೊಳಗೇ ಹಿಗ್ಗುತ್ತಿದ್ದರು. ಆ ವರ್ಷ ನನಗೆ ಕಾಮಾಲೆ ಬಂತು. ಮೈಯೆಲ್ಲ ಅರಿಸಿನ ಬಳಿದ ಹಾಗಾಗಿ, ಮಜ್ಜಿಗೆ ಅನ್ನ ತಿಂದುಕೊಂಡು ವಾರಗಟ್ಟಲೆ ಮಲಗಿದ್ದೆ. ತಪ್ಪಿಹೋದ ಪಾಠಗಳ ನೋಟ್ಸ್ ಕೇಳಿದರೆ ಒಬ್ಬನಾದರೂ ಕೊಟ್ಟನೇ? ಒಬ್ಬ ಕೊಟ್ಟ, ಆದರೆ ಬೇಕೆಂದೇ ತಪ್ಪು ಲೆಕ್ಕಗಳನ್ನು ಬರೆದು ಕೊಟ್ಟ. ಅವನ ಮುಖ ನನಗೆ ಈಗಲೂ ಚೆನ್ನಾಗಿ ನೆನಪಿದೆ.

ತಿಂಗಳಿಗೊಮ್ಮೆ ಭಾನುವಾರ ಪೋಷಕರ ಸಭೆ. ಮಕ್ಕಳ ರ್‍ಯಾಂಕಿನ ಪ್ರಕಾರ ಅಪ್ಪ ಅಮ್ಮಂದಿರನ್ನು ಕೂರಿಸುತ್ತಿದ್ದರು. ಮುಂದಿನವರಿಗೆ ಫ್ಯಾನಿನ ಕೆಳಗೆ ಕುರ್ಚಿ, ಕೈಗೆ ತಣ್ಣನೆಯ ಕೂಲ್ ಡ್ರಿಂಕ್. ಮಧ್ಯದವರಿಗೆ ಬೆಂಚು. ಕೊನೆಯವರಿಗೆ ಕೂರಲು ಏನೂ ಇಲ್ಲ, ಹಾಲಿನ ಹಿಂಭಾಗದಲ್ಲಿ ಒಂದು ಹಗ್ಗ ಕಟ್ಟಿ ಅದರ ಹಿಂದೆ ನಿಲ್ಲಿಸುತ್ತಿದ್ದರು. ಅಪ್ಪ ಯಾವಾಗಲೂ ಬೆಂಚಿನವರು. ನಾನು ಹೇಳಹೊರಟಿರುವ ಸಭೆಯ ಹಿಂದಿನ ತಿಂಗಳು, ಮುಂದಿನ ಕುರ್ಚಿಯ ಕೆಲವರನ್ನು ಕಾಲೇಜಿನವರೇ ಫೋನ್ ಮಾಡಿ ಕರೆಸಿದ್ದರು. ಆ ಅಪ್ಪಂದಿರು ಪ್ರಿನ್ಸಿಪಾಲನಿಗೆ ಶಾಲು ಹೊದಿಸಿದರು, ಅವನು ಅವರ ಕೈಕುಲುಕಿ ಫೋಟೋ ತೆಗೆಸಿಕೊಂಡ. ಅಪ್ಪ ಬೆಂಚಿನ ಮೇಲೆ ಕೂತು ಅದನ್ನು ಕಣ್ತುಂಬ ನೋಡಿದ್ದರು. ಪ್ರಿನ್ಸಿಪಾಲನನ್ನು ಅವನು ಇವನು ಎನ್ನುತ್ತಿದ್ದೇನೆ ಎಂದು ನಿಮ್ಮ ಅಜ್ಜಿ ಹುಬ್ಬು ಗಂಟಿಕ್ಕುತ್ತಿದ್ದಾಳೆ. ಗಂಟಿಕ್ಕಲಿ. ಅವನಿಗೆ ಮರ್ಯಾದೆ ಕೊಡಲು ನನಗೆ ಇಂದಿಗೂ ಮನಸ್ಸಿಲ್ಲ.

ನಾನು ಕಾಮಾಲೆಯಿಂದ ಎದ್ದು, ತಲೆ ಸುತ್ತುತ್ತಿರುವಾಗಲೇ ಒಂದು ಪರೀಕ್ಷೆ ಬರೆದಿದ್ದೆ. ಅದರ ಫಲಿತಾಂಶ ಸಭೆಯಲ್ಲೇ ಗೊತ್ತಾಗಬೇಕು. ಸಭೆಯ ಹಿಂದಿನ ದಿನ ನಮ್ಮ ಬೀದಿ ಕೊನೆಯ ಎಸ್‌ಟಿಡಿ ಬೂತಿಗೆ ಕಾಲೇಜಿನಿಂದ ಫೋನ್ ಬಂತು, ಅಪ್ಪ ತಪ್ಪದೇ ಬರಬೇಕಂತೆ. ಅಪ್ಪನ ಮುಖ ಅರಳಿತು.

“ನಾ ಹೇಳಿದ್ದಿಲ್ಲೇನು? ಜಡ್ಡಿನ್ಯಾಗೂ ಹುಡುಗ ಛಲೋ ಬರದಾನ. ಶಾಲು ತರಬೇಕು,” ಎಂದರು.

“ಯಾಕ ಕರದಾರಂತ ಮೊದಲ ಕೇಳೂಣ, ಅಪ್ಪಾ,” ಎಂದಳು ಅಕ್ಕ.

“ಕೇಳೂದೇನೈತಿ? ಹೋದ ಸಲ ಫೋನ್ ಮಾಡಿ ಕರಸಿದವರದೆಲ್ಲ ಮುಂದಿನ ಕುರ್ಚಿನ ಇತ್ತು. ಗುರುಗಳ ಕಡೆ ಬರಿಗೈಲೆ ಹೋಗಬಾರದವ್ವ.”

ಹಾಗೆ ಅಪ್ಪ ಜರಿಯಂಚಿನ ಶಾಲು, ತೆಂಗಿನಕಾಯಿ, ಚೆಂಡುಹೂವಿನ ಹಾರ ತಂದರು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹಾರ ನಲುಗಬಾರದೆಂದು ಅದನ್ನು ದಾರಿಯುದ್ದಕ್ಕೂ ಎತ್ತಿ ಹಿಡಿದಿದ್ದರು. ಅಕ್ಕನೂ ಜೊತೆಗೆ ಬಂದಳು. ಕಾಲೇಜಿನ ಬಾಗಿಲಲ್ಲಿ ಒಬ್ಬ ನನ್ನ ಹೆಸರು ಕೇಳಿ, ಅಪ್ಪನ ಕೈಯಲ್ಲಿದ್ದ ಹಾರ ನೋಡಿ, ಕಿಸಕ್ಕನೆ ನಕ್ಕು, ಹಗ್ಗದ ಕಡೆ ಕೈ ತೋರಿಸಿದ. ಅಪ್ಪ, ಅವನಿಗೆ ಹೆಸರು ತಪ್ಪಾಗಿ ಕೇಳಿಸಿರಬೇಕೆಂದು, ನನ್ನ ಹೆಸರನ್ನು ಮತ್ತೊಮ್ಮೆ ಬಿಡಿಸಿ ಹೇಳಿದರು. ಅವನು ಅಪ್ಪನ ತೋಳು ಹಿಡಿದು ಹಗ್ಗದ ಹಿಂದಕ್ಕೆ ಸರಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಾರ, ಬಗಲಲ್ಲಿ ತೆಂಗಿನಕಾಯಿ. ಮುಂದಿನ ಕುರ್ಚಿಯವರು ತಿರುಗಿ ತಿರುಗಿ ನೋಡಿದರು. ಅವರೆಲ್ಲರ ಕೂಲ್ ಡ್ರಿಂಕಿನಲ್ಲಿ ನೊಣ ಬೀಳಲಿ ಎಂದು ಮನಸಾರೆ ಶಪಿಸಿದೆ.

ಸಭೆ ಶುರುವಾಯಿತು. ಪರೀಕ್ಷೆಗೆ ಇನ್ನು ಕೆಲವೇ ತಿಂಗಳು, ಚೆನ್ನಾಗಿ ಓದುವವರಿಗೆ ಮಾತ್ರ ಪಾಠ, ಹಗ್ಗದ ಹಿಂದಿನವರ ಮಕ್ಕಳನ್ನು ತೆಗೆದುಹಾಕುತ್ತೇವೆ ಎಂದ ಪ್ರಿನ್ಸಿಪಾಲ. ಉಳಿಸಿಕೊಳ್ಳುವುದಕ್ಕೂ ಒಂದು ದಾರಿ ಇತ್ತು. ಹುಡುಗ ಎಲ್ಲರೆದುರು ನಿಂತು, ನಾನು ಸೋಮಾರಿ, ನನ್ನಿಂದ ಕಾಲೇಜಿಗೆ ಅವಮಾನ ಎನ್ನಬೇಕು. ಆಮೇಲೆ ಅವನ ಅಪ್ಪ ಅವನಿಗೆ ಹೊಡೆಯಬೇಕು. ಜೋರಾಗಿ ಹೊಡೆದರೆ ಮನೆಯಲ್ಲಿ ಶಿಸ್ತಿದೆ ಎಂದು ಅರ್ಥವಂತೆ, ಅಂಥವರ ಮಗನಿಗೆ ಇನ್ನೊಂದು ಅವಕಾಶವಂತೆ. ನನ್ನ ಮುಂಚೆ ಒಬ್ಬ ಹುಡುಗನ ಸರದಿ ಬಂತು. ಅವನ ಅಪ್ಪ ಹಲ್ಲು ಕಚ್ಚಿಕೊಂಡು ಕಪಾಳಕ್ಕೆ ಬಾರಿಸಿದರು. ಪ್ರಿನ್ಸಿಪಾಲ ತಲೆದೂಗಿದ. ಆ ಹುಡುಗನ ಕಣ್ಣಲ್ಲಿ ನೀರಿತ್ತು, ಆದರೆ ಅವನು ಉಳಿದುಕೊಂಡ.

ನನ್ನನ್ನೂ ಅಪ್ಪನನ್ನೂ ಮುಂದಕ್ಕೆ ಕರೆದರು. ಅಕ್ಕ ನಮ್ಮ ಹಿಂದೆಯೇ ಬಂದಳು. ಕಾಮಾಲೆಯಾಗಿತ್ತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಆ ಮನುಷ್ಯ, ಸೋಮಾರಿಗಳಿಗೆ ನೂರೆಂಟು ರೋಗ ಎಂದ. ನಾನು ನೆಲ ನೋಡುತ್ತ, ಹೇಳಬೇಕಾದ್ದನ್ನು ಹೇಳಿಬಿಟ್ಟೆ. ಸೋಮಾರಿ ಎಂದೂ ಹೇಳಿದೆ, ಅವಮಾನ ಎಂದೂ ಹೇಳಿದೆ.

“ಕೊಟ್ಟಂಡಿ,” ಎಂದು ಅವನು ತೆಲುಗಿನಲ್ಲಿ ಅಪ್ಪನಿಗೆ ಹೇಳಿದ. ಹೊಡೆಯಿರಿ ಎಂದು.

ಅಪ್ಪ ಅಲ್ಲಾಡಲಿಲ್ಲ. ಮಕ್ಕಳೇ, ಆಗ ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಏಟಿನಿಂದ ನನ್ನ ಮುಂದಿನ ಬದುಕೆಲ್ಲ ಉಳಿಯುವುದಿತ್ತು. ನಾನು ಅವರ ಹತ್ತಿರಕ್ಕೆ ಸರಿದು ಕೆನ್ನೆ ಒಡ್ಡಿ ಕನ್ನಡದಲ್ಲಿ ಪಿಸುಗುಟ್ಟಿದೆ.

“ಹೊಡಿಯಪ್ಪಾ. ಒಂದ ಹೊಡತ. ನಂಗ ನೋವಾಗೂದಿಲ್ಲ.”

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ತೆಂಗಿನಕಾಯಿಯನ್ನೂ ಹಾರವನ್ನೂ ಅಕ್ಕನ ಕೈಗೆ ಕೊಟ್ಟು, ಶಾಲಿನ ಮಡಿಕೆ ಬಿಡಿಸಿದರು. ಆ ಪ್ರಿನ್ಸಿಪಾಲನನ್ನು ನೀವು ನೋಡಬೇಕಿತ್ತು. ಅಷ್ಟು ಹೊತ್ತು ಬೈಯುತ್ತಿದ್ದವನು ಶಾಲು ಕಂಡದ್ದೇ ತಡ, ರೂಢಿಯಂತೆ ಕತ್ತು ಬಗ್ಗಿಸಿ ನಿಂತುಬಿಟ್ಟ. ಅಪ್ಪ ಶಾಲು ಹೊದಿಸಿದರು, ಹಾರ ಹಾಕಿದರು, ತೆಂಗಿನಕಾಯಿಯನ್ನು ಅವನ ಎರಡೂ ಕೈಗಳಲ್ಲಿ ಇಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕ ಹಲ್ಲು ಕಡಿಯುವ ಸದ್ದು ಕೇಳಿಸುತ್ತಿತ್ತು. ಅಪ್ಪ ಕೈಮುಗಿದು, ಹಾಲಿಗೆಲ್ಲ ಕೇಳುವಂತೆ ಹೈದರಾಬಾದಿ ಹಿಂದಿಯಲ್ಲಿ ಹೇಳಿದರು.

“ಬಹೋತ್ ಮೆಹನತ್ ಕರೇ ಸಾಬ್. ಆಜ್ ಸೇ ಆಪ್ಕಾ ಕಾಮ್ ಖತಮ್. ಅಬ್ ಘರ್ ಮೇ ಆರಾಮ್ ಕರೋ.”

ತುಂಬಾ ದುಡಿದಿರಿ, ಇವತ್ತಿಗೆ ನಿಮ್ಮ ಕೆಲಸ ಮುಗಿಯಿತು, ಇನ್ನು ಮನೆಯಲ್ಲಿ ಸುಖವಾಗಿರಿ. ಈ ಮಾತು ನನಗೆ ಬಾಯಿಪಾಠವಾಗಿತ್ತು. ಬಾಲಾನಗರದಲ್ಲಿ ಯಾರಾದರೂ ನಿವೃತ್ತರಾದರೆ ಕಾರ್ಖಾನೆಯ ಗೇಟಿನಲ್ಲಿ ಹೀಗೇ ಶಾಲು ಹೊದಿಸಿ, ಹಾರ ಹಾಕಿ, ಕಾಯಿ ಕೊಟ್ಟು, ಇದೇ ಮಾತು ಹೇಳಿ ಕಳಿಸುತ್ತಿದ್ದರು. ಮರುದಿನದಿಂದ ಆ ಮನುಷ್ಯನಿಗೆ ಗೇಟಿನೊಳಗೆ ಕೆಲಸವಿಲ್ಲ. ಮುಂದಿನ ಕುರ್ಚಿಯವರಿಗೆ ಇದು ತಿಳಿಯಲಿಲ್ಲ. ಹಗ್ಗದ ಹಿಂದಿನವರಿಗೆ ತಿಳಿಯಿತು. ನಾಚಾರಂ ಕಡೆಯ ಯಾವುದೋ ಕಾರ್ಖಾನೆಯ ಖಾಕಿ ಅಂಗಿ ತೊಟ್ಟಿದ್ದ ಒಬ್ಬರು, ಗೇಟಿನಲ್ಲಿ ತಟ್ಟುವ ಹಾಗೆ ಚಪ್ಪಾಳೆ ತಟ್ಟಿದರು. ಅವರ ಜೊತೆ ಹಗ್ಗದ ಹಿಂದಿನವರೆಲ್ಲ ತಟ್ಟಿದರು. ನಗು ಹಾಲಿನ ತುಂಬ ಹರಡಿತು. ಪ್ರಿನ್ಸಿಪಾಲ ಕೊರಳಲ್ಲಿ ಹಾರ, ಕೈಯಲ್ಲಿ ಕಾಯಿ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದ. ಅರ್ಥವಾದಾಗ ಅವನ ಮುಖ ಕಪ್ಪಿಟ್ಟಿತು, ತೊಲಗಿ ಎಂದು ಕಿರುಚಿದ. ನಾವು ಆಗಲೇ ಮೆಟ್ಟಿಲಿಳಿಯುತ್ತಿದ್ದೆವು.

ನಿಮಗೆ ಖುಷಿಯಾಗಿರಬೇಕು. ನನಗೆ ಒಂದಿಷ್ಟೂ ಆಗಲಿಲ್ಲ. ಬಸ್ಸಿನಲ್ಲಿ ಜನರೆದುರೇ ಅಪ್ಪನ ಮೇಲೆ ಕೂಗಾಡಿದೆ. “ನಿನ್ನ ಸಿಟ್ಟಿಗೆ ನನ್ನ ಓದು ಹಾಳಾತು. ಒಂದ ಹೊಡದಿದ್ದರ ಏನು ಕಳಕೊಳ್ತಿದ್ದಿ?” ಎಂದೆ.

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. “ಮಂದಿ ಹೊಡಿ ಅಂದ್ರಂತ ನಾ ಹೊಡಿಯೂದಿಲ್ಲ ತಮ್ಮಾ,” ಎಂದರು. ಮನೆಯಲ್ಲಿ ಅವ್ವನೂ ನನ್ನ ಪಕ್ಷ ಸೇರಿದಳು. “ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಶಾಂತ ಆದಮ್ಯಾಲ ಬರತೈತೇನ್ರಿ?” ಎಂದು ಬಡಿಸುತ್ತಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಅಪ್ಪ ತಲೆ ತಗ್ಗಿಸಿ ಉಂಡರು. ಅಕ್ಕ ಮಾತ್ರ, “ಅತ್ತಿದ್ದು ಸಾಕು, ನಾಳೆ ನಸಕಿನ್ಯಾಗ ಎಬ್ಬಸ್ತೀನಿ, ಏಳಲಿಲ್ಲಂದ್ರ ನೀರು ಸುರೀತೀನಿ,” ಎಂದಳು. ಸುರಿದಳು ಕೂಡ.

ಉಳಿದ ತಿಂಗಳುಗಳನ್ನು ಮನೆಯಲ್ಲೇ ಓದಿ ಕಳೆದೆ. ಅಕ್ಕ ತನ್ನ ಹಳೆಯ ಪುಸ್ತಕಗಳನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳುವಳು, ತಪ್ಪಿದರೆ ಪುಸ್ತಕದಿಂದಲೇ ತಲೆಗೆ ಕುಟ್ಟುವಳು. ಅಪ್ಪನ ಜೊತೆ ನಾನು ಮಾತು ಬಿಟ್ಟಿದ್ದೆ. ಅವರು ದಿನಾ ಸಂಜೆ ನನ್ನ ಪಕ್ಕದಲ್ಲಿ ಚಹಾ ಇಟ್ಟು ಸದ್ದಿಲ್ಲದೆ ಹೋಗುತ್ತಿದ್ದರು. ಇಂಟರ್ ಪರೀಕ್ಷೆಯ ಫೀಸು ಮೊದಲೇ ಕಟ್ಟಿಯಾಗಿತ್ತು, ಅದನ್ನೂ ಪ್ರವೇಶ ಪರೀಕ್ಷೆಯನ್ನೂ ಬರೆದೆ. ಸೀಟು ಸಿಕ್ಕಿತು, ದೊಡ್ಡ ಕಾಲೇಜಿನಲ್ಲಲ್ಲ, ಕಂಪ್ಯೂಟರೂ ಅಲ್ಲ. ಊರಾಚೆಯ ಒಂದು ಸಾಧಾರಣ ಕಾಲೇಜಿನಲ್ಲಿ ಮೆಕ್ಯಾನಿಕಲ್. ಅಲ್ಲೇ ಹಿಮಾಯತ್‌ನಗರದಲ್ಲಿ ಉಳಿದಿದ್ದರೆ ಇನ್ನೂ ಒಳ್ಳೆಯದು ಸಿಗುತ್ತಿತ್ತೇನೋ, ಸಿಗುತ್ತಿರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ತಮಾಷೆ ನೋಡಿ, ಫಲಿತಾಂಶ ಬಂದ ಮೇಲೆ ಆ ಕಾಲೇಜಿನವರು ಬಾಗಿಲಲ್ಲಿ ಹಾಕಿದ ಬೋರ್ಡಿನಲ್ಲಿ ನನ್ನ ಫೋಟೋವನ್ನೂ ಅಂಟಿಸಿದ್ದರು, ತಮ್ಮ ವಿದ್ಯಾರ್ಥಿ ಎಂದು. ಅಕ್ಕ ಆಫೀಸಿಗೆ ಹೋಗುವ ದಾರಿಯಲ್ಲಿ ಅದನ್ನು ಹೇರ್‌ಪಿನ್ನಿನಿಂದ ಕೆರೆದು ಕಿತ್ತುಕೊಂಡು ಬಂದಳು.

ನಾನು ಅಪ್ಪನ ಜೊತೆ ಮತ್ತೆ ಮಾತಾಡಿದ್ದು ಸೀಟು ಸಿಕ್ಕ ದಿನ. ಅವರು ಹೊಡೆಯದೆ ನಿಂತದ್ದು ತಮ್ಮ ಸಿಟ್ಟಿಗಲ್ಲ, ನನಗಾಗಿ ಎಂದು ತಿಳಿದದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ, ನಾನೇ ಅಪ್ಪನಾದ ಮೇಲೆ.

ಈಗ ನಿಮ್ಮ ಕಾಲ. ನಿಮ್ಮ ಶಾಲೆಯಲ್ಲಿ ಯಾರೂ ಯಾರನ್ನೂ ನಿಲ್ಲಿಸುವುದಿಲ್ಲ, ಯಾರೂ ಹೊಡೆಯುವುದಿಲ್ಲ, ಕಿಟಕಿಗಳಿಗೆ ಪ್ಲೈವುಡ್ಡೂ ಇಲ್ಲ. ನಿಮ್ಮ ಟೀಚರುಗಳು ನಗುತ್ತಾ ಮಾತಾಡುತ್ತಾರೆ. ಒಳ್ಳೆಯದು. ಆದರೆ ಸಂಜೆ ಊಟಕ್ಕೆ ಕೂತಾಗ ನಿಮ್ಮ ಅಪ್ಪನ ಮೊಬೈಲು ಟಣ್ ಎನ್ನುತ್ತದೆ, ನಿಮ್ಮ ಅಂಕ, ನಿಮ್ಮ ಸ್ಥಾನ ಎಲ್ಲ ಅದರೊಳಗೆ ಬಂದು ಬೀಳುತ್ತದೆ. ನನ್ನ ಮಗ ಅದನ್ನು ಓದಿ ಆಮೇಲೆ ನಿಮ್ಮ ಮುಖ ನೋಡುತ್ತಾನೆ. ಕೈ ಎತ್ತುವುದಿಲ್ಲ, ನಿಜ. ಆದರೆ ಅವನು ಆ ಹೊತ್ತು ನೋಡುವ ನೋಟಕ್ಕೆ ನಿಮ್ಮ ಕೈಯಲ್ಲಿನ ತುತ್ತು ತಟ್ಟೆಗೇ ಇಳಿಯುವುದನ್ನು ನಾನು ಕಂಡಿದ್ದೇನೆ. ಮುದುಕನಿಗೆ ಏನೂ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಇನ್ನು ಮೇಲೆ ಊಟಕ್ಕೆ ನನ್ನ ಪಕ್ಕದಲ್ಲಿ ಕೂತುಕೊಳ್ಳಿ. ಅದು ಟಣ್ ಎಂದರೆ ನೀವು ಊಟ ಮುಂದುವರಿಸಿ. ನಿಮ್ಮ ಅಪ್ಪನ ಜೊತೆ ಜಗಳ ನಾನು ಆಡುತ್ತೇನೆ.