ಡ್ರಮ್ ಯಾರನ್ನು ಹೊಗಳುತ್ತಿತ್ತು?

ನಿವೃತ್ತಿಗೆ ಸ್ವಲ್ಪ ಮೊದಲು, ಮೂರು ವರ್ಷಗಳ ಹಿಂದೆ, ನಾನು ಸಿಂಗಪುರದ ಲಿಟಲ್ ಇಂಡಿಯಾದ ಒಂದು ಸಣ್ಣ ಸ್ಟುಡಿಯೋದಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದೆ. ಬೇರೆ ಬೇರೆ ಮೈಕುಗಳಲ್ಲಿ ಹಿಡಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದು, ಅಂದರೆ ಮಿಕ್ಸಿಂಗ್, ನನ್ನ ಕೆಲಸ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜಾಯಮಾನ ನನ್ನದಲ್ಲ. ಹಾಲನ್ನೂ ಮೂಸಿ ಕುಡಿಯುವ ಮನುಷ್ಯ ಎಂದು ಹೆಂಡತಿ ಹಂಗಿಸುತ್ತಿದ್ದಳು.

ಒಂದು ದಿನ ಹಾಡುಗಳ ಕಂಪನಿ ನಡೆಸುವ ನವೀನ್ ಎಂಬ ನಿರ್ಮಾಪಕ ಬಂದ. ಮೈಸೂರು ಕಡೆಯವರ ಮಗ, ಬೆಳೆದದ್ದೆಲ್ಲ ಇಲ್ಲಿಯೇ; ಮಾತಿನ ಕೊನೆಗೆ ಇಲ್ಲಿಯವರಂತೆ ‘ಲಾ’ ಸೇರಿಸುತ್ತಿದ್ದ. ನೈಜೀರಿಯಾದ ಯೊರುಬಾ ಭಾಷೆಯ ಒಂದು ಗಾಸ್ಪೆಲ್ ಹಾಡು, ಎಂದರೆ ಚರ್ಚಿನ ಭಕ್ತಿಗೀತೆ, ತಂದಿದ್ದ. ಹಾಡಿದ್ದು ಸ್ಯಾಮ್ಯುಯೆಲ್ ಎಂಬ ಯೊರುಬಾ ಗಾಯಕ. ಹಾಡಿನ ಜೀವವಿದ್ದದ್ದು ಟಾಕಿಂಗ್ ಡ್ರಮ್‌ನಲ್ಲಿ. ಡಮರುವಿನ ಆಕಾರದ ಈ ವಾದ್ಯವನ್ನು ಕಂಕುಳಲ್ಲಿ ಅವುಚಿ ಹಗ್ಗಗಳನ್ನು ಒತ್ತಿದರೆ ಸ್ವರ ಏರಿಳಿಯುತ್ತದೆ. ಕೇಳಿದೊಡನೆ ಮನಸೋತೆ.

“ಅಂಕಲ್, ಆ ಡ್ರಮ್ ಪೂರ್ತಿ ಕಟ್ ಮಾಡ್ಬಿಡಿ. ಡಿಸ್ಟರ್ಬ್ ಆಗುತ್ತೆ ಲಾ.”

“ಅದೇ ಕಣಪ್ಪ ಚೆನ್ನಾಗಿರೋದು!”

“ಚರ್ಚ್‌ನೋರಿಗೆ ಇಷ್ಟ ಆಗಲ್ಲ ಅಂಕಲ್.”

ಚರ್ಚಿನವರಿಗೆ ಬೇಡವಾಗಿದ್ದರೆ ನುಡಿಸಿದ್ದಾದರೂ ಯಾಕೆ? ಅನುಮಾನ ತಲೆಯೊಳಗೆ ಹೊಕ್ಕಿತು. ಇಲ್ಲಿನ ಸೆಂಬವಾಂಗ್ ಬಂದರಿನಲ್ಲಿ ಹಡಗು ರಿಪೇರಿಯ ಎಂಜಿನಿಯರ್ ಆಗಿದ್ದ ಟುಂಡೆ ನನ್ನ ಗೆಳೆಯ, ಯೊರುಬಾ ಮನುಷ್ಯ. ಅವನನ್ನು ಸ್ಟುಡಿಯೋಗೆ ಕರೆಸಿ ಕೇಳಿಸಿದೆ. ಅವರ ಭಾಷೆಯಲ್ಲಿ ಸ್ವರ ಬದಲಾದರೆ ಅರ್ಥವೂ ಬದಲಾಗುತ್ತದಂತೆ. ಅದೇ ಏರಿಳಿತವನ್ನು ನುಡಿಸಿ ಡ್ರಮ್ ಒಬ್ಬೊಬ್ಬರನ್ನು ಹೆಸರು, ಮನೆತನ ಸಮೇತ ಹೊಗಳುತ್ತದೆ.

“ನಮ್ಮೂರ ಕಡೆ ಒಂದು ಮನೆತನದ ಹೊಗಳಿಕೆ ಇದು,” ಎಂದ ಟುಂಡೆ. “ಅಬೇಕೆ ಅನ್ನೋ ಹೆಂಗಸಿಂದು. ಹಾಡೋನು ಗಂಡಸು, ಇವಳನ್ನ ಯಾಕೆ ಹೊಗಳ್ತಿದಾರೆ? ಸುಮ್ಮಸುಮ್ಮನೆ ಯಾರಿಗೂ ನುಡಿಸಲ್ಲ.”

ಮರುದಿನ ನವೀನ್ ಗಾಯಕನನ್ನೂ ಕರೆದುಕೊಂಡು ಬಂದ.

“ಅಬೇಕೆ ಯಾರಪ್ಪ?” ಎಂದಷ್ಟೇ ಕೇಳಿದೆ.

“ನಾನೇನು ಹಾಡು ಕದ್ದಿದೀನಾ ಅಂಕಲ್?” ಎಂದ ನವೀನ್.

ಕದ್ದೆ ಎಂದು ಯಾರು ಹೇಳಿದ್ದರು! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಆ ಹೆಸರು ಕಿವಿಗೆ ಬಿದ್ದದ್ದೇ ಸ್ಯಾಮ್ಯುಯೆಲ್ ತಲೆಯೆತ್ತಿ ಎಲ್ಲ ಹೇಳಿಬಿಟ್ಟ. ಹಾಡು ಕಟ್ಟಿದವರು ಅಬೇಕೆ; ಊರಿನ ಚರ್ಚಿನಲ್ಲಿ ಅವನಿಗೆ ಹಾಡು ಕಲಿಸಿದವರು. ತನ್ನ ಕಂಪನಿಯದೇ ರಚನೆ ಎಂದು ತೋರಿಸಲು ನವೀನ್ ಹಾಡಿನ ವಿವರದಲ್ಲಿ ಆಕೆಯ ಹೆಸರನ್ನು ಬಿಟ್ಟಿದ್ದ.

“ಹೆಸರು ಬರೆಯೋಕೆ ಬಿಡಲಿಲ್ಲ ಸರ್,” ಎಂದು ಸ್ಯಾಮ್ಯುಯೆಲ್ ಇಂಗ್ಲಿಷಿನಲ್ಲಿ ಹೇಳಿದ. “ಅದಕ್ಕೇ ಡ್ರಮ್‌ನಲ್ಲಿ ಹೇಳಿಸಿದೆ. ಅದೂ ಇವರಿಗೆ ಗೊತ್ತಾಗಿಹೋಯ್ತು.”

ನನ್ನ ಸಿಟ್ಟು ನೆತ್ತಿಗೇರಿತು. ಆಕೆಯ ಹೆಸರು ಹಾಕುವವರೆಗೆ ಈ ಹಾಡನ್ನು ಮುಟ್ಟುವುದಿಲ್ಲ ಎಂದೆ.

“ಸಿಂಗಪುರದಲ್ಲಿ ನಿಮ್ಮದೊಂದೇ ಸ್ಟುಡಿಯೋ ಅಲ್ಲ ಅಂಕಲ್,” ಎಂದು ನವೀನ್ ಹಾರ್ಡ್ ಡಿಸ್ಕ್ ಎತ್ತಿಕೊಂಡು ಹೋದ.

ಕೆಲವು ತಿಂಗಳಿಗೆ ಹಾಡು ಬಿಡುಗಡೆಯಾಯಿತು. ಡ್ರಮ್ ಇದ್ದ ಕಡೆಯೆಲ್ಲ ಕೀಬೋರ್ಡ್ ತುಂಬಿದ್ದರು. ಅಬೇಕೆಯ ಹೆಸರು ಎಲ್ಲೂ ಇರಲಿಲ್ಲ. ಟುಂಡೆಯ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವನು ಕಣ್ಣು ಮುಚ್ಚಿ ಕೇಳುತ್ತ ಕೇಳುತ್ತ ನಕ್ಕುಬಿಟ್ಟ.

“ಇದಾಳೆ. ಸಣ್ಣಗೆ, ಅವನ ದನಿಯ ಹಿಂದೆ. ಊರವರಿಗೆ ಇಷ್ಟು ಸಾಕು.”

ಎಲ್ಲರೂ ಒಂದೇ ಕೋಣೆಯಲ್ಲಿ ಕೂಡಿ ನುಡಿಸಿದ್ದರಿಂದ ಡ್ರಮ್ಮಿನ ಸದ್ದು ಗಾಯಕನ ಮೈಕಿಗೂ ಸೇರಿಹೋಗಿತ್ತು. ಶಿಷ್ಯನ ದನಿಯನ್ನು ಅಳಿಸದೆ ಗುರುವಿನ ಹೆಸರನ್ನು ಅಳಿಸುವಂತಿರಲಿಲ್ಲ.

ಬೇಡದ ಸದ್ದನ್ನು ತೆಗೆಯುವುದೇ ನನ್ನ ವೃತ್ತಿಯಾಗಿತ್ತು. ಅದು ಯಾರಿಗೆ ಬೇಡ ಎಂದು ಮೊದಲು ಕೇಳಬೇಕೆಂಬುದನ್ನು ನನಗೆ ಕಲಿಸಿದ್ದು ಆ ಹಾಡು.